ದೈವಕ್ಕೆ ಬಿಟ್ಟ ಹುಂಜ

ಕಿನ್ನಿಗೋಳಿ
11 ನವೆಂಬರ್ 2024

ಬಸವಣ್ಣೆವ್ವಕ್ಕನಿಗೆ ಲೀಲಾಕ್ಷಿಯ ನಮಸ್ಕಾರಗಳು.

ಆ ದಿನ ಗಡಿಬಿಡಿಯಲ್ಲಿ ಹಿತ್ತಲ ಗೇಟಿನ ಕೀಲಿಕೈ ನಿಮ್ಮ ಕೈಗೆ ಹಾಕಿ, ‘ಕೋಳಿ, ಕೋಳಿ’ ಎಂದು ಸನ್ನೆ ಮಾಡಿ ಕಾರು ಹತ್ತಿದವಳು ನಾನು. ನಿಮಗೆ ಫೋನಿನಲ್ಲಿ ಕೇಳುವುದಿಲ್ಲ, ನನಗೆ ಮೊಬೈಲಿನಲ್ಲಿ ಕನ್ನಡ ಒತ್ತಲು ಬರುವುದಿಲ್ಲ. ಮೂವತ್ತು ವರ್ಷ ಪೋಸ್ಟ್ ಆಫೀಸಿನಲ್ಲಿ ಗುಮಾಸ್ತಿಕೆ ಮಾಡಿದ ನಿಮಗೆ ಕಾಗದ ಬರೆಯುವುದು ಸಂಕೋಚವೇ, ಆದರೂ ಬರೆಯುತ್ತಿದ್ದೇನೆ. ತಪ್ಪಿದ್ದರೆ ನಗಬೇಡಿ.

ಇವರಿಗೆ ಲಕ್ವ ಹೊಡೆದು ಇಂದಿಗೆ ಇಪ್ಪತ್ತೆರಡು ದಿನ. ಬಲಗಾಲು ಸ್ವಲ್ಪ ಆಡುತ್ತಿದೆ. ಊರಿನ ಮನೆಯಲ್ಲಿ ಎಣ್ಣೆ ತಿಕ್ಕುವವರು ಬರುತ್ತಾರೆ, ಮಾತು ಕಲಿಸುವ ಹುಡುಗಿಯೊಬ್ಬಳು ವಾರಕ್ಕೆ ಎರಡು ಸಲ ಬರುತ್ತಾಳೆ. ಆದರೆ ಮಾತು ಒಂದೂ ಇಲ್ಲ ಅಕ್ಕ. ಪುಣೆಯ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತು ಅರ್ಧ ಬಿಬವೇವಾಡಿಗೆ ಕೇಳುವ ಹಾಗೆ ‘ಎರಡು ಸೆಟ್, ಒಂದು ಬನ್ಸ್’ ಎಂದು ಕೂಗುತ್ತಿದ್ದ ಸಂಕಪ್ಪನವರು ಈಗ ನೀರು ಬೇಕೆಂದರೆ ಬೆರಳು ಎತ್ತುತ್ತಾರೆ.

ಕೋಳಿಗಳು ಇವರ ಪ್ರಾಣ. ಐದು ಹೇಂಟೆ, ಒಂದು ಹುಂಜ. ಹೇಂಟೆಗಳಿಗೆ ಹೋಟೆಲಿನ ತಿಂಡಿಯ ಹೆಸರು ಇಟ್ಟಿದ್ದಾರೆ: ಸೆಟ್‌ದೋಸೆ, ಬನ್ಸ್, ಶೀರಾ, ನೀರ್ದೋಸೆ, ಗೋಳಿಬಜೆ. ಹುಂಜ ಮ್ಯಾನೇಜರ್. ಬೆಳಿಗ್ಗೆ ತೌಡು, ನುಚ್ಚು ಕಲಸಿ ಹಾಕಿ. ಒಂದು ಮೂಲೆಯಲ್ಲಿ ಒಲೆಬೂದಿ ಇರಲಿ. ಪುಣೆಯ ಚಳಿ ಶುರುವಾದರೆ ಗೂಡಿಗೆ ಮೂರು ಕಡೆ ಗೋಣಿ ಕಟ್ಟಿ, ಮೇಲೆ ಮಾತ್ರ ತೆರೆದಿರಲಿ. ನನಗೆ ಗೊತ್ತಿರುವುದು ಇಷ್ಟೇ. ಉಳಿದದ್ದೆಲ್ಲ ಇವರ ತಲೆಯಲ್ಲಿದೆ, ಅದು ಹೊರಗೆ ಬರುತ್ತಿಲ್ಲ.

ಇನ್ನೊಂದು ವಿಷಯ. ಹುಂಜವನ್ನು ಇವರ ಮಾತಿಗಾಗಿ ನಮ್ಮ ಮನೆಯ ದೈವಕ್ಕೆ ಬಿಟ್ಟಿದ್ದೇನೆ. ಆದ್ದರಿಂದ ಅದರ ಮೇಲೆ ಒಂದು ಕಣ್ಣು ಜಾಸ್ತಿ ಇರಲಿ. ಮಗ ರಿತೇಶನಿಗೆ ಹೇಳಿಲ್ಲ, ಅವನಿಗೆ ಇದರಲ್ಲೆಲ್ಲ ನಂಬಿಕೆಯಿಲ್ಲ. ಅವನು ಹೇಗೂ ಹೋಟೆಲಿನ ಮಾಳಿಗೆಯಲ್ಲೇ ಮಲಗುತ್ತಾನೆ.

ಹುಂಜ ನಸುಕಿಗೇ ಕೂಗುತ್ತದೆ. ನಿಮಗೆ ಅದರ ತೊಂದರೆಯಿಲ್ಲ ಎನ್ನುವುದೊಂದೇ ಸಮಾಧಾನ. ಹೀಗೆ ಬರೆದದ್ದಕ್ಕೆ ಬೇಸರ ಮಾಡಬೇಡಿ.

ನಿಮ್ಮ,
ಲೀಲಾಕ್ಷಿ

*

ಬಿಬವೇವಾಡಿ, ಪುಣೆ
25 ನವೆಂಬರ್ 2024

ಲೀಲಾಕ್ಷಿ ತಂಗಿಯವರಿಗೆ ಶರಣು ಶರಣಾರ್ಥಿ.

ನಿಮ್ಮ ಕಾಗದ ಬಂತು. ತಪ್ಪು ಒಂದೇ: ಪಿನ್‌ಕೋಡಿನ ಕೊನೆಯ ಅಂಕಿ. ಆದರೂ ತಲುಪಿತೆಂದರೆ ನನ್ನ ಇಲಾಖೆ ಇನ್ನೂ ಜೀವಂತವಾಗಿದೆ ಎಂದು ಅರ್ಥ.

ಬೇಸರ ಯಾಕೆ? ನನ್ನ ಕಿವಿ ಹೋಗಿ ಒಂಬತ್ತು ವರ್ಷವಾಯಿತು. ಮನೆಯವರ ತುಟಿ ಓದಿ ಸಂಸಾರ ನಡೆಸುತ್ತಿದ್ದೇನೆ. ಈಗ ಬಂದಿರುವ ಕಷ್ಟ ಏನೆಂದರೆ ಕೋಳಿಗೆ ತುಟಿಯಿಲ್ಲ. ಅವು ನನ್ನ ಮುಂದೆ ನಿಂತು ಕೊಕ್ಕು ತೆರೆದು ಮುಚ್ಚುತ್ತವೆ, ಹಸಿವೋ ಸಿಟ್ಟೋ ತಿಳಿಯುವುದಿಲ್ಲ.

ಮೊದಲ ವಾರ ನಾನು ಅವನ್ನು ಮುಟ್ಟಲಿಲ್ಲ. ನಮ್ಮ ಏಳು ತಲೆಮಾರಿನಲ್ಲಿ ಯಾರೂ ಕೋಳಿ ಮುಟ್ಟಿದವರಲ್ಲ. ದೂರದಿಂದ ಕಾಳು ಎರಚಿ ಓಡಿ ಬರುತ್ತಿದ್ದೆ. ಮಗ ಅಮರ ರಾಂಜಣಗಾಂವದ ಕಾರ್ಖಾನೆಗೆ ಹೊರಟವನು ಗೋಡೆಯ ಮೇಲಿಂದ ನೋಡಿ ನಕ್ಕ. “ಯವ್ವಾ, ನೀ ಕೋಳಿಗೆ ಅಂಜತೀಯೋ, ಕೋಳಿ ನಿನಗ ಅಂಜತಾವೋ?” ಎಂದ. ಎರಡನೆಯ ವಾರ ಸೆಟ್‌ದೋಸೆ ತಾನೇ ಬಂದು ನನ್ನ ಕಾಲಮೇಲೆ ನಿಂತಳು. ಅವಳ ಪಾದ ಬೆಚ್ಚಗಿತ್ತು. ಹಕ್ಕಿಯ ಪಾದ ಬೆಚ್ಚಗಿರುತ್ತದೆ ಎಂದು ಅರವತ್ತೇಳನೆಯ ವಯಸ್ಸಿನಲ್ಲಿ ತಿಳಿಯಿತು.

ಅಂದಿನಿಂದ ನನಗೆ ಪ್ರಶ್ನೆಗಳೋ ಪ್ರಶ್ನೆಗಳು. ಕೋಳಿಗೆ ಕಿವಿ ಇದೆಯೇ ಎಂದು ಹುಡುಕಿದೆ. ಕೆನ್ನೆಯ ಗರಿ ಸರಿಸಿದರೆ ಸಣ್ಣ ತೂತು ಸಿಕ್ಕಿತು. ಒಂದು ಕಾಲು ಹೊಟ್ಟೆಯೊಳಗೆ ಸೇರಿಸಿಕೊಂಡು ನಿಲ್ಲುವುದು ಚಳಿಗೋ, ರೂಢಿಯೋ? ಬೂದಿಯಲ್ಲಿ ಹೊರಳಾಡಿ, ಮೈಗೆಲ್ಲ ಬಳಿದುಕೊಂಡು, ಕಣ್ಣು ಮುಚ್ಚಿ ಕೂರುತ್ತವಲ್ಲ, ಅದು ಸ್ನಾನವೇ? ಹಾಗೆ ಕೂತಾಗ ನಮ್ಮ ಮಠದ ಅಜ್ಜನವರಿಗಿಂತ ಗಂಭೀರವಾಗಿರುತ್ತವೆ. ಇವನ್ನೆಲ್ಲ ಸಂಕಪ್ಪನವರಿಗೆ ಕೇಳಿ. ಬೆರಳು ಎತ್ತಿದರೆ ಹೌದು, ಎತ್ತದಿದ್ದರೆ ಅಲ್ಲ. ಸರಿ ತಾನೇ?

ಹುಂಜದ ವಿಷಯ ಚೆನ್ನಾಗಿ ತಿಳಿಯಿತು. ಓದಿದಾಗ ಮೈ ಜುಮ್ಮೆಂದಿತು. ದೇವರಿಗೆ ಬಿಟ್ಟದ್ದೆಂದ ಮೇಲೆ ಹೇಗೆ ನಡೆದುಕೊಳ್ಳಬೇಕೆಂದು ನಮಗೂ ಗೊತ್ತು. ಕ್ರಮ ತಪ್ಪದಂತೆ ನೋಡಿಕೊಳ್ಳುತ್ತೇನೆ, ನೀವು ನಿಶ್ಚಿಂತೆಯಾಗಿರಿ.

ನಿಮ್ಮ ಹಿತ್ತಲಗೋಡೆಯ ಆಚೆಯವಳು,
ಬಸವಣ್ಣೆವ್ವ

*

ಕಿನ್ನಿಗೋಳಿ
6 ಡಿಸೆಂಬರ್ 2024

ಅಕ್ಕನಿಗೆ ನಮಸ್ಕಾರ.

ನಿಮ್ಮ ಕಾಗದ ಇವರಿಗೆ ಓದಿದೆ. ಮಠದ ಅಜ್ಜನವರ ಸಾಲು ಬಂದಾಗ ಬಾಯಿಯ ಎಡ ಮೂಲೆ ಮೇಲೆ ಹೋಯಿತು. ನಕ್ಕರು ಅಕ್ಕ! ಲಕ್ವ ಹೊಡೆದ ಮೇಲೆ ಮೊದಲ ಸಲ. ನಾನು ಒಳಗೆ ಹೋಗಿ ಅತ್ತು ಬಂದು ಮತ್ತೆ ಮೊದಲಿನಿಂದ ಓದಿದೆ. ಮತ್ತೆ ಅದೇ ಜಾಗದಲ್ಲಿ ನಕ್ಕರು.

ಬೂದಿ ಸ್ನಾನವೇ, ಬೆರಳು ಎತ್ತಿದರು. ಹೇನು ಸಾಯುತ್ತದೆ ಎಂದು ಪಕ್ಕದ ಮನೆಯವರು ಹೇಳಿದರು. ಒಂದು ಕಾಲು ಚಳಿಗೆ, ಬೆರಳು ಎತ್ತಿದರು. ರೂಢಿಗೆ ಅಂದೆ, ಅದಕ್ಕೂ ಎತ್ತಿದರು. ಎರಡೂ ಇರಬಹುದು. ನೀವು ಕೇಳುತ್ತಾ ಇರಿ. ಮಾತು ಕಲಿಸುವ ಹುಡುಗಿ ಚಿತ್ರದ ಕಾರ್ಡು ತೋರಿಸಿ ‘ಇದೇನು ಅಂಕಲ್, ಇದೇನು’ ಎನ್ನುವಾಗ ಗೋಡೆ ನೋಡುವ ಇವರು ನಿಮ್ಮ ಕಾಗದ ಬಂದರೆ ಎದ್ದು ಕೂರುತ್ತಾರೆ.

ಹುಂಜದ ವಿಷಯ ನೀವು ಅರ್ಥ ಮಾಡಿಕೊಂಡದ್ದು ದೊಡ್ಡದು. ನಿಮ್ಮಂಥ ಮನೆಯವರಿಗೆ ಅದನ್ನು ಹೇಗೆ ಬರೆಯುವುದೆಂದು ನನಗೆ ಹೆದರಿಕೆಯಿತ್ತು.

ಇಲ್ಲಿ ಚಳಿಯೇ ಇಲ್ಲ, ಫ್ಯಾನು ಹಾಕಿ ಮಲಗುತ್ತೇವೆ. ಅಲ್ಲಿ ಹೇಗಿದೆ?

ನಿಮ್ಮ,
ಲೀಲಾಕ್ಷಿ

*

ಬಿಬವೇವಾಡಿ, ಪುಣೆ
20 ಡಿಸೆಂಬರ್ 2024

ಲೀಲಾಕ್ಷಿ ತಂಗಿಯವರಿಗೆ ಶರಣಾರ್ಥಿ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಇಲ್ಲಿ ಚಳಿ ಎಂಟು ಡಿಗ್ರಿಗೆ ಇಳಿಯಿತು. ಗೂಡಿನ ಮೇಲ್ಗಡೆ ತೆರೆದಿಡಿ ಎಂದು ನೀವು ಬರೆದಿದ್ದಿರಿ. ಫ್ಯಾನು ಹಾಕಿ ಮಲಗುವವರಿಗೆ ಚಳಿಯ ಬಗ್ಗೆ ಏನು ಗೊತ್ತು ಎಂದುಕೊಂಡೆ. ಗರಿಗಳು ಬೇರೆ ಉದುರುತ್ತಿದ್ದವು. ಶೀರಾಳ ಕುತ್ತಿಗೆ ಬೋಳಾಗಿ ನೋಡಲಾಗುತ್ತಿರಲಿಲ್ಲ. ನನ್ನ ತಾಯಿ ಹೊಲಿದ ಕೌದಿಯನ್ನು ತಂದು ಗೂಡಿಗೆ ಸುತ್ತಲೂ, ಮೇಲೂ ಹೊದಿಸಿ ಬಿಗಿಯಾಗಿ ಕಟ್ಟಿದೆ. ನಾನೂ ಬೆಚ್ಚಗೆ ಮಲಗಿದೆ.

ಮೂರನೆಯ ದಿನ ಬೆಳಿಗ್ಗೆ ಕೌದಿ ತೆಗೆದರೆ ಒಳಗಿನ ಹಲಗೆಯೆಲ್ಲ ತೊಯ್ದಿದೆ, ಕಣ್ಣು ಉರಿಯುವಷ್ಟು ನಾತ. ಅವುಗಳ ಉಸಿರೇ ನೀರಾಗಿ ಅವುಗಳ ಮೇಲೆ ತೊಟ್ಟಿಕ್ಕಿತ್ತು. ಬನ್ಸ್ ಮೂಲೆಯಲ್ಲಿ ಕೊಕ್ಕು ತೆರೆದು ಕೂತಿದ್ದಳು. ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಕಿವಿ ಇದ್ದವರಾಗಿದ್ದರೆ ಹಿಂದಿನ ದಿನವೇ ಗೊರಗೊರ ಸದ್ದು ಕೇಳಿ ಎಚ್ಚರಾಗುತ್ತಿದ್ದರು. ಆ ದಿನ ನನ್ನ ಕಿವಿಯ ಮೇಲೆ ನನಗೆ ಬಂದಷ್ಟು ಸಿಟ್ಟು ಈ ಒಂಬತ್ತು ವರ್ಷದಲ್ಲಿ ಬಂದಿರಲಿಲ್ಲ.

ಬುಟ್ಟಿಯಲ್ಲಿ ಹಾಕಿಕೊಂಡು ನಮ್ಮ ಅಡುಗೆಮನೆಗೇ ತಂದೆ. ಹೌದು, ಅಡುಗೆಮನೆಗೆ. ಸೊಸೆ ನೀತಾ ಲಟ್ಟಣಿಗೆ ಹಿಡಿದು ನಿಂತಳು, ಬುಟ್ಟಿ ನೋಡಿದಳು, ನನ್ನನ್ನು ನೋಡಿದಳು. “ಅತ್ತೀ, ನಾ ಏನೂ ನೋಡಿಲ್ರಿ. ಆದ್ರ ಚಪಾತಿ ಮಾತ್ರ ಪಡಸಾಲ್ಯಾಗ ಲಟ್ಟಸ್ತೀನಿ” ಎಂದಳು. ನಾಲ್ಕು ದಿನ ಬನ್ಸ್ ಅಲ್ಲೇ ಇದ್ದಳು. ಬೆಲ್ಲದ ನೀರು ಕುಡಿಸಿದೆ. ಐದನೆಯ ದಿನ ಬುಟ್ಟಿಯಿಂದ ಹಾರಿ ನೀತಾ ಚಪಾತಿಗೆ ಕಣಕ ನಾದುವ ಪರಾತದಲ್ಲಿ ಇಳಿದಳು, ಆಗ ಹುಷಾರಾಗಿದ್ದಾಳೆಂದು ಇಬ್ಬರಿಗೂ ತಿಳಿಯಿತು. ಈಗ ಗೂಡಿಗೆ ಮೂರೇ ಕಡೆ ಗೋಣಿ. ಸಂಜೆ ಮಲಗುವ ಮುಂಚೆ ಒಂದೊಂದು ಹಿಡಿ ಸಜ್ಜೆ ಹಾಕುತ್ತೇನೆ, ಚಳಿಗಾಲದಲ್ಲಿ ನಾವು ತಿನ್ನುವುದೂ ಅದನ್ನೇ.

ಇನ್ನು ಮ್ಯಾನೇಜರನ ಸಮಾಚಾರ. ಅವನು ನಮ್ಮ ಗಲ್ಲಿಗೇ ಯಜಮಾನನಾಗಿದ್ದಾನೆ! ನಮ್ಮ ಊರಲ್ಲಿ ದೇವರಿಗೆ ಬಿಟ್ಟ ಹೋರಿ ಇತ್ತು. ಅದನ್ನು ಕಟ್ಟುವಂತಿರಲಿಲ್ಲ, ಹೊಡೆಯುವಂತಿರಲಿಲ್ಲ. ಯಾರ ಅಂಗಳಕ್ಕೆ ಬಂದರೂ ಕಾಳು ಕೊಡುತ್ತಿದ್ದರು. ಅದೇ ಕ್ರಮದಲ್ಲಿ ಇವನನ್ನೂ ಬಿಟ್ಟಿದ್ದೇನೆ. ಸೋಮವಾರ ಹಣೆಗೆ ಒಂದು ಬೊಟ್ಟು ವಿಭೂತಿ. ಮೊದಲು ಎದುರುಮನೆಯ ಸಾಯಲಿ ಕಣ್ಣು ಕೆಂಪಗೆ ಮಾಡಿಕೊಂಡು ಬಂದು, “ಆಜೀ, ತುಮಚಾ ಕೋಂಬಡಾ ಝೋಪೂ ದೇತ ನಾಹೀ!” ಎಂದು ನಿದ್ದೆಗೆಟ್ಟ ದೂರು ಹೇಳಿದಳು. ಇದು ದೇವಾಚಾ ಕೋಂಬಡಾ, ದೇವರ ಹುಂಜ, ಒಬ್ಬರ ಮಾತಿಗಾಗಿ ಬಿಟ್ಟದ್ದು, ಅದು ಸಾಯುವವರೆಗೂ ಯಾರೂ ಮುಟ್ಟುವಂತಿಲ್ಲ ಎಂದು ತಿಳಿಸಿದೆ. ಈಗ ಅವಳೇ ದಿನಾ ಭಾಕರಿಯ ಚೂರು ತಂದು ಹಾಕುತ್ತಾಳೆ.

ಅವನು ಗೋಡೆ ಹತ್ತಿ, ಕತ್ತು ಎತ್ತಿ, ಕಣ್ಣು ಅರ್ಧ ಮುಚ್ಚಿ ಕೂಗುವುದನ್ನು ದಿನಾ ನೋಡುತ್ತೇನೆ. ಮೈಯೆಲ್ಲ ಒಮ್ಮೆ ನಡುಗುತ್ತದೆ. ಆದರೆ ಆ ಕೂಗು ಹೇಗಿದೆ? ಎಲ್ಲ ಹುಂಜದ ಕೂಗೂ ಒಂದೇನಾ? ಅಮರನಿಗೆ ಕೇಳಿದರೆ “ಕೋಳಿ ಕೂಗಿಧಂಗ ಕೂಗ್ತದ ಯವ್ವಾ” ಎನ್ನುತ್ತಾನೆ. ಇದು ಒಂದು ಉತ್ತರವೇ? ಸಂಕಪ್ಪನವರಿಗೆ ಕೇಳಿ. ಇದು ಬೆರಳೆತ್ತಿ ಹೇಳುವ ಉತ್ತರವಲ್ಲ ಎಂದು ಗೊತ್ತು, ಕಾಯುತ್ತೇನೆ.

ನಿಮ್ಮ,
ಬಸವಣ್ಣೆವ್ವ

*

ಕಿನ್ನಿಗೋಳಿ
30 ಡಿಸೆಂಬರ್ 2024

ಅಕ್ಕ,

ನಿಮ್ಮ ಕಾಗದ ಅರ್ಧದವರೆಗೆ ಇವರಿಗೆ ಓದಿದೆ. ಕಣಕದ ಪರಾತಕ್ಕೆ ಬಂದಾಗ ಇವರ ಕಣ್ಣಲ್ಲಿ ನೀರು ಬರುವಷ್ಟು ನಗು. ಅಲ್ಲಿಂದ ಮುಂದಿನದನ್ನು ಇವರಿಗೆ ಓದಲಿಲ್ಲ. ಕಾಗದ ಮಡಚಿ ಸೆರಗಿಗೆ ಸಿಕ್ಕಿಸಿಕೊಂಡೆ.

ತಪ್ಪು ನನ್ನದೇ. ಬಿಡಿಸಿ ಬರೆಯಬೇಕಿತ್ತು, ನಿಮ್ಮ ಮನಸ್ಸು ನೋಯುತ್ತದೆಂದು ಮುಚ್ಚಿ ಬರೆದೆ. ನಮ್ಮಲ್ಲಿ ದೈವಕ್ಕೆ ಬಿಟ್ಟದ್ದು ಎಂದರೆ ನಿಮ್ಮ ಊರಿನ ಹೋರಿಯ ಹಾಗಲ್ಲ. ಹರಕೆ. ಇವರು ಬಾಯಿ ತೆರೆದು ಒಂದು ಮಾತು ಆಡಿದ ದಿನ ಹುಂಜವನ್ನು ಊರಿಗೆ ತರಿಸಿ ದೈವದ ಎದುರು ಕೊಡಬೇಕು. ಕೊಡುವುದು ಎಂದರೆ ಏನೆಂದು ಇನ್ನು ನಾನು ಬರೆಯುವುದು ಬೇಡ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹೇಳಿಕೊಂಡದ್ದು. ಡಾಕ್ಟರು ಮಾತು ಬರುವುದು ಹೇಳಲಿಕ್ಕಾಗದು ಎಂದರು. ಇವರಿಗೆ ಯಾವುದು ಅತಿ ಪ್ರೀತಿಯೋ ಅದನ್ನೇ ಬಿಡುತ್ತೇನೆ ಎಂದೆ. ನನ್ನ ಬಾಯಿಗೆ ಬಂದದ್ದು ಅದು. ಹೇಳಿದ ಮಾತು ತಪ್ಪಿದರೆ ಇವರ ಮಾತು ಶಾಶ್ವತವಾಗಿ ಹೋಗುತ್ತದೆ ಎಂದು ನನಗೆ ದಿನಾ ಹೆದರಿಕೆ. ನೀವು ವಿಭೂತಿ ಇಟ್ಟಿದ್ದೀರಿ. ಗಲ್ಲಿಯವರೆಲ್ಲ ಅನ್ನ ಹಾಕುತ್ತಿದ್ದಾರೆ. ನಾನು ಏನು ಮಾಡಲಿ ಅಕ್ಕ?

ನಿಮ್ಮ,
ಲೀಲಾಕ್ಷಿ

*

ಬಿಬವೇವಾಡಿ, ಪುಣೆ
8 ಜನವರಿ 2025

ಲೀಲಾಕ್ಷಿ ತಂಗಿಯವರಿಗೆ,

ನಿಮ್ಮ ಕಾಗದ ಓದಿ ಎರಡು ದಿನ ನಾನು ಹಿತ್ತಲಿಗೆ ಹೋಗಲಿಲ್ಲ. ಅಮರ ಕಾಳು ಹಾಕಿ ಬಂದ. ನಿಮ್ಮ ಮೇಲೆ ಸಿಟ್ಟು ಬಂತು. ಹೇಳಿಬಿಡುತ್ತೇನೆ, ಒಳಗಿಟ್ಟುಕೊಂಡರೆ ಹುಳಿಯಾಗುತ್ತದೆ. ಕೋಳಿ ಕೊಯ್ಯುವವರ ಜೊತೆ ಇಪ್ಪತ್ತು ವರ್ಷ ಗೋಡೆ ಹಂಚಿಕೊಂಡಿದ್ದೇನೆ, ಅದಕ್ಕೆ ಸಿಟ್ಟಲ್ಲ. ಮೂರನೆಯವರ ಪ್ರಾಣವನ್ನು ನನ್ನ ಕೈಯಲ್ಲಿಟ್ಟು, ಪ್ರೀತಿ ಹುಟ್ಟುವವರೆಗೆ ಸುಮ್ಮನಿದ್ದಿರಲ್ಲ ಎಂದು.

ಮೂರನೆಯ ದಿನ ಹೋದೆ. ಮ್ಯಾನೇಜರ್ ಗೇಟಿನ ಹತ್ತಿರ ಬಂದು ನನ್ನ ಸೀರೆಯ ಅಂಚು ಎಳೆದ. ಅಷ್ಟರಲ್ಲಿ ನನ್ನ ಮನಸ್ಸಿನಲ್ಲಿ ಒಂದು ಯೋಚನೆ ಹಾದುಹೋಯಿತು: ಸಂಕಪ್ಪನವರ ಮಾತು ಇನ್ನೊಂದಿಷ್ಟು ದಿನ ತಡವಾಗಲಿ. ಮಾತು ಕೇಳದೆ ಬದುಕುವುದು ಏನೆಂದು ಗೊತ್ತಿರುವ ನಾನು, ಮಾತಾಡಲಾಗದ ಮನುಷ್ಯನಿಗೆ ಹಾಗೆ ಬಯಸಿದೆ. ಅಲ್ಲೇ ಕಟ್ಟೆಯ ಮೇಲೆ ಕೂತು ಅತ್ತೆ. ನನಗೆ ನಾಚಿಕೆಯಾಯಿತು ತಂಗಿ.

ಆದ್ದರಿಂದ ನಾನು ಬೇಡಿಕೊಳ್ಳುವುದಿಲ್ಲ. ಹರಕೆ ನಿಮ್ಮದು, ಹುಂಜ ನಿಮ್ಮದು. ಸಂಕಪ್ಪನವರು ಬಾಯಿ ಬಿಟ್ಟ ದಿನ ತಿಳಿಸಿ. ನಾನೇ ಬುಟ್ಟಿಯಲ್ಲಿ ಹುಲ್ಲು ಹಾಸಿ, ಮಂಗಳೂರು ಬಸ್ಸಿಗೆ ಇಟ್ಟು ಬರುತ್ತೇನೆ. ಗಲ್ಲಿಯವರಿಗೆ ಏನು ಹೇಳುವುದೆಂದು ನಾನು ನೋಡಿಕೊಳ್ಳುತ್ತೇನೆ.

ಒಂದೇ ಕೇಳಿಕೆ. ನಾನು ಕೇಳಿದ ಪ್ರಶ್ನೆಗೆ ಉತ್ತರ ಬೇಕು. ಅವನು ಹೋಗುವ ಮುಂಚೆ ಅವನ ಕೂಗು ಹೇಗಿತ್ತೆಂದು ನನಗೆ ಗೊತ್ತಾಗಬೇಕು. ಈ ಕಾಗದವನ್ನು ಅವರಿಗೆ ಓದುವುದೋ ಬಿಡುವುದೋ ನಿಮಗೆ ಸೇರಿದ್ದು.

ಶರಣು,
ಬಸವಣ್ಣೆವ್ವ

*

ಕಿನ್ನಿಗೋಳಿ
18 ಜನವರಿ 2025

ಅಕ್ಕ, ಅಕ್ಕ,

ಇವರು ಮಾತಾಡಿದರು.

ಹೇಗೆಂದು ಕ್ರಮವಾಗಿ ಬರೆಯುತ್ತೇನೆ. ನಿಮ್ಮ ಕಾಗದ ಹದಿಮೂರನೆಯ ತಾರೀಕು ಬಂತು. ಒಬ್ಬಳೇ ಓದಿದೆ. ಮಾರನೆಯ ದಿನ ಬೆಳಿಗ್ಗೆ ಇವರಿಗೆ ಗಂಜಿ ಕುಡಿಸಲು ಕೂತೆ. ಮುಚ್ಚಿಟ್ಟದ್ದರಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು ಎನ್ನಿಸಿತು. ಬಟ್ಟಲು ಪಕ್ಕಕ್ಕಿಟ್ಟು ಹಿಂದಿನ ಕಾಗದದ ಉಳಿದರ್ಧವನ್ನೂ ಇದನ್ನೂ ಎಲ್ಲ ಓದಿದೆ. ನಿಮ್ಮ ಹೋರಿಯ ಕಥೆ, ವಿಭೂತಿ, ನನ್ನ ಹರಕೆ, ನೀವು ಅತ್ತದ್ದು, ಬುಟ್ಟಿ. ಇವರಿಗೂ ಹರಕೆಯ ವಿಷಯ ಅದುವರೆಗೆ ಗೊತ್ತಿರಲಿಲ್ಲ. ಓದಿ ಮುಗಿಸಿ ಗಂಜಿಯ ಚಮಚ ಎತ್ತಿ ಬಾಯಿಗೆ ಹಿಡಿದೆ.

“ಬೊಡ್ಚಿ” ಎಂದರು.

ತುಳುವಿನಲ್ಲಿ ‘ಬೇಡ’ ಎಂದು. ನಾನು ಚಮಚ ಬಿಟ್ಟು ಕಿರಿಚಿದೆ. ನನ್ನ ಬುದ್ಧಿ ನೋಡಿ, ಗಂಜಿ ಬೇಡ ಎಂದರು ಅಂತ ಒಳಗೆ ಓಡಿ ಇವರಿಗೆ ಇಷ್ಟದ ರವೆ ಶೀರಾ ಮಾಡಿ ತಂದೆ. ತುಪ್ಪ ಹಾಕಿ, ದ್ರಾಕ್ಷಿ ಹಾಕಿ. ಬಾಯಿಗೆ ಹಿಡಿದರೆ ಮತ್ತೆ “ಬೊಡ್ಚಿ.” ಎಡಗೈಯಿಂದ ತಟ್ಟೆ ಸರಿಸಿದರು. ಆ ಕೈಯನ್ನು ಎಳೆದುಕೊಂಡು ಹೋಗಿ ನಿಮ್ಮ ಕಾಗದದ ಮೇಲೆ ಇಟ್ಟರು. ಬುಟ್ಟಿ ಎಂದು ಬರೆದಿದ್ದಿರಲ್ಲ, ಆ ಸಾಲಿನ ಮೇಲೆ. “ಬೊಡ್ಚಿ, ಬೊಡ್ಚಿ.”

ರಿತೇಶನಿಗೆ ಫೋನ್ ಮಾಡಿ ಅಪ್ಪನಿಗೆ ಮಾತು ಬಂತು ಎಂದು ಮಾತ್ರ ಹೇಳಿದೆ. ಉಳಿದದ್ದನ್ನು ಹೇಗೆ ಹೇಳುವುದೆಂದು ನನಗೇ ತಿಳಿಯಲಿಲ್ಲ. ಅಂದು ಸಂಕ್ರಮಣ. ಸಂಜೆ ದೈವಕ್ಕೆ ತಂಬಿಲದ ಪೂಜೆ ಮುಗಿಸಿ ಎಲ್ಲರೂ ಹೋದ ಮೇಲೆ ನಾನೊಬ್ಬಳೇ ನಿಂತೆ. ನೀನು ಕೊಟ್ಟ ಮಾತೇ ಬೇಡ ಎನ್ನುತ್ತಿದೆ, ನಾನು ಯಾರ ಮಾತು ನಡೆಸಲಿ ಎಂದು ಕೇಳಿದೆ. ಗಾಳಿ ಇರಲಿಲ್ಲ, ದೀಪ ಸುಮ್ಮನೆ ಉರಿಯುತ್ತಿತ್ತು. ನನಗೆ ಹೆದರಿಕೆ ಬರಲಿಲ್ಲ, ಅದೇ ಆಶ್ಚರ್ಯ. ಒಂದು ತೆಂಗಿನಕಾಯಿ ಇಟ್ಟು, ಹುಂಜವನ್ನು ಬಿಟ್ಟಿದ್ದೇನೆ, ಬಸವಣ್ಣೆವ್ವಕ್ಕ ತಿಳಿದುಕೊಂಡ ಹಾಗೆಯೇ ಬಿಟ್ಟಿದ್ದೇನೆ, ತಪ್ಪಿದ್ದರೆ ನನಗಿರಲಿ ಎಂದು ಹೇಳಿ ಬಂದೆ.

ನಿಮ್ಮ ಪ್ರಶ್ನೆಗೆ ಇವರು ನಾಲ್ಕು ದಿನ ಅಭ್ಯಾಸ ಮಾಡಿದರು. ಮಾತು ಕಲಿಸುವ ಹುಡುಗಿ ಕಾರ್ಡುಗಳನ್ನು ಚೀಲಕ್ಕೆ ಹಾಕಿ ತಾನೂ ಜೊತೆಗೆ ಕೂಗಿದಳು. ನಾನು ಕೇಳಿದ ಹಾಗೆ ಬರೆದಿದ್ದೇನೆ: “ಕೊಕ್, ಕೊಕ್, ಕೊಕ್ಕೋ... ಊ.” ಕೊನೆಯಲ್ಲಿ ಒಡಕಿದೆ. ಒಡಕು ಹುಂಜದ್ದೋ ಇವರದ್ದೋ ಎಂದು ಕೇಳಿದೆ. ಹುಂಜದ್ದೇ ಎಂದು ಬೆರಳು ಎತ್ತಿದರು.

ನಿಮ್ಮ,
ಲೀಲಾಕ್ಷಿ

*

ಬಿಬವೇವಾಡಿ, ಪುಣೆ
23 ಜನವರಿ 2025

ಸಂಕಪ್ಪನವರಿಗೂ ಲೀಲಾಕ್ಷಿ ತಂಗಿಯವರಿಗೂ ಶರಣು ಶರಣಾರ್ಥಿ.

ರಿತೇಶ ಹೋಟೆಲಿನಿಂದ ಏಪ್ರನ್ ಬಿಚ್ಚದೆ ಓಡಿ ಬಂದು ನನ್ನ ಮುಂದೆ ನಿಂತು, ತುಟಿ ದೊಡ್ಡದು ಮಾಡಿ, “ಅಪ್ಪ ಮಾತಾಡಿದ್ರು” ಎಂದ. ಅವನ ಕೈ ಹಿಡಿದು ಕುಣಿದೆ, ಸುಳ್ಳು ಹೇಳುವುದಿಲ್ಲ. ಅವನು ಹೋದ ಮೇಲೆ ಬುಟ್ಟಿ ಹುಡುಕಿದೆ.

ನಿಮ್ಮ ಕಾಗದ ಬರಲಿ ಎಂದು ಕಾದೆ. ನಿನ್ನೆ ಬಂತು. ಲಕೋಟೆ ದಪ್ಪಗಿತ್ತು. ಅದನ್ನು ಒಡೆಯುವ ಮುಂಚೆಯೇ ಹಿತ್ತಲಿಗೆ ಹೋಗಿ ಮ್ಯಾನೇಜರನನ್ನು ಹಿಡಿದು ಬುಟ್ಟಿಯಲ್ಲಿ ಕೂರಿಸಿ, ಮುಚ್ಚಳಕ್ಕೆ ಹಗ್ಗ ಕಟ್ಟಿದೆ. ಓದಿದ ಮೇಲೆ ಕಟ್ಟಲು ಹೋದರೆ ನನ್ನ ಕೈ ಮಾತು ಕೇಳದು ಎಂದು ಗೊತ್ತಿತ್ತು. ಅವನು ಒದ್ದಾಡಲಿಲ್ಲ. ನನ್ನ ಮೇಲೆ ಅಷ್ಟು ನಂಬಿಕೆ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಲಕೋಟೆ ಒಡೆದೆ.

“ಬೊಡ್ಚಿ” ಎಂಬಲ್ಲಿಗೆ ಬಂದಾಗ ಅರ್ಥವಾಗಲಿಲ್ಲ, ಮುಂದಿನ ಸಾಲು ಓದಿ ಹಿಂದಕ್ಕೆ ಬಂದೆ. ಸಂಕಪ್ಪನವರೇ, ನಿಮ್ಮ ಭಾಷೆಯಲ್ಲಿ ನನಗೆ ಗೊತ್ತಿರುವುದು ಈಗ ಒಂದೇ ಶಬ್ದ. ಸಾಕು.

ಹಾಗೇ ಓದುತ್ತಾ ಕೂಗಿನ ಸಾಲಿಗೆ ಬಂದೆ. ನೀವು ಹೇಳಿ ಲೀಲಾಕ್ಷಿ ಬರೆದದ್ದನ್ನು ನಾನೂ ಬಾಯಿಬಿಟ್ಟು ಹೇಳಿದೆ: ಕೊಕ್, ಕೊಕ್, ಕೊಕ್ಕೋ. ನನ್ನ ದನಿ ನನಗೆ ಕೇಳುವುದಿಲ್ಲ, ಎಷ್ಟು ಜೋರಾಗಿ ಹೇಳಿದೆನೋ, ಅಡುಗೆಮನೆಯಿಂದ ನೀತಾ ಓಡಿ ಬಂದಳು. ಆ ಹೊತ್ತಿಗೆ ಬುಟ್ಟಿ ನಡುಗಿತು. ನನ್ನ ಎರಡು ಅಂಗೈಯೊಳಗೆ ಮೂರು ಸಣ್ಣ ನಡುಕ, ಆಮೇಲೆ ಒಂದು ಉದ್ದದ್ದು, ಕೊನೆಗೆ ಸಣ್ಣ ಒಡಕು. ನೀವು ಹೇಳಿದಂತೆಯೇ. ಒಡಕು ಅವನದ್ದೇ, ನಿಮ್ಮದಲ್ಲ. ನೀತಾಳ ಮುಖ ನೋಡಿದೆ. “ಹೌದ್ರಿ ಅತ್ತೀ, ಕೂಗ್ತು” ಎಂದಳು.

ಹಗ್ಗ ಬಿಚ್ಚಿ ಮುಚ್ಚಳ ತೆಗೆದೆ. ಹುಂಜವನ್ನು ಬಿಟ್ಟೆ.

ನಿಮ್ಮ,
ಬಸವಣ್ಣೆವ್ವ